ಇಂಥ ಮನುಷ್ಯ ಭೂಮಿಯ ಮೇಲಿಲ್ಲ

ಬಾಗಿಲ ಗಂಟೆ ಹೊಡೆದಾಗಲೆಲ್ಲ ಒಬ್ರಾದನೇ ಬಂದನೆಂದು ತಿಹೋಮಿರನ ಎದೆ ಧಸಕ್ಕೆನ್ನುತ್ತಿತ್ತು. ಬೆಳಗ್ಗೆ ಎಂಟಕ್ಕೆ ಬಂದವರು ಪಾದ್ರಿ. ಹಬ್ಬದ ರೊಟ್ಟಿಯನ್ನು ಶಿಲುಬೆಯಾಕಾರಕ್ಕೆ ಕೊಯ್ದು, ಕೊಯ್ದಲ್ಲಿ ಕೆಂಪು ವೈನು ಹನಿಸಿ, ಇನ್ನೂ ಹನ್ನೊಂದು ಮನೆ ಬಾಕಿಯಿದೆಯೆಂದು ನಿಂತ ಕಾಲಲ್ಲೇ ಹೊರಟುಹೋದರು. ಆಮೇಲೆ ಬಂದವನು ಹೆಂಡತಿಯ ಅಣ್ಣ ಮಿಲೆಂಕೋ, ಸೊಂಬೋರಿನಿಂದ, ತನ್ನ ಹಳೆಯ ಕಾರಿನಲ್ಲಿ. ಪ್ರತಿಸಲವೂ ತಿಹೋಮಿರ್ ಟೈ ಸರಿಮಾಡಿಕೊಂಡು, ಬೇಯಿಸಿದ ಗೋಧಿಯ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಚಿಲಕ ತೆಗೆಯುತ್ತಿದ್ದ. ಸ್ಲಾವಾ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಗೊತ್ತಿದ್ದವರು ಬರುತ್ತಾರೆ, ಬಂದವರಿಗೆ ಬಾಗಿಲು ತೆಗೆಯಬೇಕು, ಅಷ್ಟೆ. ಕರೆಯುವ ಹಬ್ಬವಾಗಿದ್ದರೆ ಒಬ್ಬನನ್ನು ಕರೆಯಲು ಮರೆಯಬಹುದಿತ್ತು. ಅಜ್ಜ ಮುತ್ತಜ್ಜಂದಿರು ಎಂಥ ಉಪಾಯ ಮಾಡಿಟ್ಟು ಹೋಗಿದ್ದಾರೆ ಮಹಾರಾಯರು! ವರ್ಷಕ್ಕೊಂದು ದಿನ, ಕುಲದ ಸಂತನ ಹೆಸರಿನಲ್ಲಿ, ಮನೆಯ ಯಜಮಾನ ಬಾಗಿಲು ತೆರೆದಿಟ್ಟು ಸಂಜೆಯವರೆಗೆ ನಿಂತೇ ಇರಬೇಕು. ಬಂದವರೆಲ್ಲ ಕೂತು ತಿನ್ನುತ್ತಾರೆ, ಅವನು ಮಾತ್ರ ಕೂರುವಂತಿಲ್ಲ, ನಿಂತು ಬಡಿಸಬೇಕು. ಹತ್ತು ಕಣ್ಣುಗಳೆದುರು ಅಡಿಯಿಂದ ಮುಡಿಯವರೆಗೆ ಕಾಣಿಸುತ್ತ ನಿಲ್ಲಬೇಕು. ಐವತ್ತಾರು ವರ್ಷದಲ್ಲಿ ತಿಹೋಮಿರನಿಗೆ ಇದು ಶಿಕ್ಷೆಯೆಂದು ಅನ್ನಿಸಿದ್ದು ಇದೇ ಮೊದಲು. ಒಬ್ರಾದ್ ಬಾರದಿದ್ದರೂ ಕೆಟ್ಟಿತು, ಮದುವೆಯಲ್ಲಿ ಬೆನ್ನಹಿಂದೆ ಮೇಣದಬತ್ತಿ ಹಿಡಿದು ಸಾಕ್ಷಿಗೆ ನಿಂತ ಕುಮ್ ಅವನು, ಅವನಿಗೆ ತಿಹೋಮಿರನೂ ಕುಮ್. ಕುಮ್ ಹಬ್ಬಕ್ಕೆ ಬರಲಿಲ್ಲವೆಂದರೆ ರಕ್ತಸಂಬಂಧ ಹರಿದಂತೆ, ನಾಳೆ ಇಡೀ ಬಡಾವಣೆಗೆ ಸುದ್ದಿ. ಬಂದರಂತೂ ಕೇಳುವುದೇ ಬೇಡ.

ಇಪ್ಪತ್ತಾರು ವರ್ಷಗಳಿಂದ ತಿಹೋಮಿರ್ ಒಂದು ವಾರಪತ್ರಿಕೆಯಲ್ಲಿ ಸಿನಿಮಾ ಮತ್ತು ಟೀವಿಯ ಬಗ್ಗೆ ಅಭಿಪ್ರಾಯ ಬರೆಯುತ್ತ ಬಂದಿದ್ದ. ಮಂಗಳವಾರದ ಅಂಕಣದಲ್ಲಿ ಮೂರು ಸಂಗತಿಗಳಿದ್ದವು. ದಾನ್ಯೂಬಿನ ಹಡಗೊಂದರ ಕಪ್ತಾನನ ಮೇಲೆ ಎರಡು ಮುಕ್ಕಾಲು ಗಂಟೆಯ ಸಿನಿಮಾ: ‘ಕಪ್ತಾನನಿಗಿಂತ ಅವನ ಮೀಸೆ ಚೆನ್ನಾಗಿ ನಟಿಸಿದೆ, ಹಡಗು ಮುಳುಗಿದಾಗ ನೋಡುವವನಿಗೆ ಆಗುವುದು ದುಃಖವಲ್ಲ, ಬಿಡುಗಡೆ.’ ಹೊರದೇಶದಲ್ಲಿ ಬಹುಮಾನ ಗೆದ್ದು ಬಂದ, ಒಬ್ಬ ವಿಧವೆ ಹನ್ನೆರಡು ನಿಮಿಷ ಬಸ್ಸಿಗೆ ಕಾಯುವ ಇನ್ನೊಂದು ಸಿನಿಮಾ: ‘ನಿರ್ದೇಶಕರು ಒಮ್ಮೆಯಾದರೂ ನಮ್ಮ ಊರಿನ ಬಸ್ಸಿಗೆ ಕಾದಿದ್ದರೆ, ಕಾಯುವವರು ಅಷ್ಟು ಗಂಭೀರವಾಗಿ ಕಾಯುವುದಿಲ್ಲ, ಬೈಯುತ್ತ ಕಾಯುತ್ತಾರೆ ಎಂದು ತಿಳಿದಿರುತ್ತಿತ್ತು.’ ಮೂರನೆಯದು ಗುರುವಾರ ಗುರುವಾರ ಬರುತ್ತಿದ್ದ ಟೀವಿ ಹಾಸ್ಯ, ‘ಲಿಫ್ಟು ಕೆಟ್ಟಿದೆ’. ಒಂದು ಕಟ್ಟಡ, ಅದರ ಬಾಡಿಗೆದಾರರು, ಅವರ ನಡುವೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಕ್ಲಿಮೆಂತಿಯೆ. ಆ ಪಾತ್ರ ಮಾಡಿದವನು ಒಬ್ರಾದ್. ಬರೆಯುವಾಗ ತಿಹೋಮಿರನಿಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು, ಕುಮ್ ಎಂದು ಬಿಡಲಿಲ್ಲ ನೋಡಿ, ಎಂಬ ಹೆಮ್ಮೆ. ‘ಮಾತಿಗೆ ಮುಂಚೆ ಕನ್ನಡಕ ತೆಗೆದು ಟೈತುದಿಯಿಂದ ಒರೆಸಿ “ಹೇಗೆ ಹೇಳಲಿ” ಎನ್ನುವುದು, ಸೂಪಿನ ಮೊದಲ ಚಮಚವನ್ನು ಬಾಯಲ್ಲಿಟ್ಟುಕೊಂಡು ಚಾವಣಿ ನೋಡುವುದು, ನೋಟೀಸು ಓದುವಾಗ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಲ್ಲುವುದು, ಇವೆಲ್ಲ ಸೇರಿದರೆ ಚೇಷ್ಟೆಗಳ ಮೂಟೆಯಾಗುತ್ತದೆಯೇ ಹೊರತು ಮನುಷ್ಯನಾಗುವುದಿಲ್ಲ. ಇಂಥ ಮನುಷ್ಯ ಭೂಮಿಯ ಮೇಲಿಲ್ಲ.’ ಕೊನೆಯ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡು, ಲಯ ಸರಿಯಾಗಿದೆಯೆಂದು ತೃಪ್ತಿಪಟ್ಟು ಕಳಿಸಿದ್ದ.

ಬುಧವಾರ ಹಬ್ಬದ ಮಾಂಸ ತರಲು ಹೋದಾಗ ಅಂಗಡಿಯವನು ಹಂದಿಯ ಭುಜದ ತುಂಡೊಂದನ್ನು ಎತ್ತಿ ತೋರಿಸಿ, “ಇದು ಹೆಂಗಿದೆ ಪ್ರೊಫೆಸರೇ?” ಎಂದು ಕೇಳಿದ. ತಿಹೋಮಿರ್ ಬಗ್ಗಿ ಕೊಬ್ಬನ್ನು ನೋಡಿದ. ಕನ್ನಡಕ ತೆಗೆದ. ಒರೆಸಿದ. “ಹೇಗೆ ಹೇಳಲಿ...” ಎಂದ. ಹಿಂದೆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕೈಚೀಲದೊಳಗೆ ಮುಖ ಹುದುಗಿಸಿದಳು, ಅವಳ ಭುಜಗಳು ಕುಲುಕಾಡಿದವು. ಅಂಗಡಿಯವನು ಮಾತ್ರ ನಗದೆ, ತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಕ್ಕಡಿಯನ್ನು ಅದೇನೋ ವಿಪರೀತ ಗೌರವದಿಂದ ಒರೆಸಿ, “ತೂಕ ಸರಿಯಾಗಿ ನೋಡ್ಕೊಳ್ಳಿ ಸಾರ್, ಆಮೇಲೆ ಇಲಾಖೆಗೆ ಬರೀಬೇಡಿ” ಎಂದ. ತಿಹೋಮಿರ್ ಕೈಯನ್ನು ನೋಡಿಕೊಂಡ. ಟೈತುದಿ ಕೈಯಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯಾಯಿತು. ಮಾಂಸದ ಪೊಟ್ಟಣ ಹಿಡಿದು ಮನೆಗೆ ಬರುವ ದಾರಿಯುದ್ದಕ್ಕೂ ಒಂದೊಂದಾಗಿ ಎಲ್ಲ ನೆನಪಾಗತೊಡಗಿತು: ಚಾವಣಿ ನೋಡುವುದು, ಒಂಟಿ ಕಾಲು. ಕಟ್ಟಡದ ನೋಟೀಸು ಹಲಗೆಯ ಮುಂದೆ ಬೇಕೆಂದೇ ಎರಡೂ ಕಾಲೂರಿ ನಿಂತು ನೋಡಿದ. ನೀರಿನ ಪೈಪಿನ ರಿಪೇರಿಯ ಬಗ್ಗೆ ಮೂರನೇ ಸಾಲು ಓದುವಷ್ಟರಲ್ಲಿ ಬಲಗಾಲು ತಾನಾಗಿಯೇ ಎದ್ದು ಎಡಮಂಡಿಯ ಹಿಂದೆ ಸೇರಿಕೊಂಡಿತ್ತು. ಊರಿಗೆಲ್ಲ ಗೊತ್ತು, ಗೊತ್ತಿಲ್ಲದವನು ತಾನೊಬ್ಬನೇ. ಇನ್ನು ತಾನು ಬರೆದದ್ದನ್ನು ಓದಿದವರೆಲ್ಲ ಹೇಗೆ ಹೊಟ್ಟೆ ಹಿಡಿದುಕೊಂಡು ನಕ್ಕಿರಬೇಕು! ಪಾತ್ರಕ್ಕಿಂತ ದೊಡ್ಡ ಹಾಸ್ಯವನ್ನು ಅವನೇ ತನ್ನ ಹೆಸರು ಹಾಕಿ ಅಚ್ಚುಮಾಡಿಸಿದ್ದ. ಅವಮಾನದಿಂದ ಮೈಯೆಲ್ಲ ಉರಿಯಿತು. ಆದರೂ ಅದು ಅವಮಾನ ಮಾತ್ರ. ಹೆದರಿಕೆ ಶುರುವಾದದ್ದು ಮಾರನೆಯ ದಿನ, ಮೂರನೇ ಕಂತು ಬಂದಾಗ.

ಮೂರನೇ ಕಂತಿನಲ್ಲಿ ಕ್ಲಿಮೆಂತಿಯೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ನಲ್ಲಿ ಪೂರ್ತಿ ತಿರುಗಿಸುತ್ತಾನೆ. ಕನ್ನಡಿಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ನಗುವುದನ್ನು ಅಭ್ಯಾಸ ಮಾಡುತ್ತಾನೆ. ಮೊದಲು ಮೂಗಿನಿಂದ ಸಣ್ಣದು, ಆಮೇಲೆ ಹೊಟ್ಟೆಯಿಂದ ಮಧ್ಯಮದ್ದು, ಕೊನೆಗೆ ತಲೆ ಹಿಂದಕ್ಕೆಸೆದು ದೊಡ್ಡದು. ಮೂರೂ ಮುಗಿದ ಮೇಲೆ ಮುಖ ಒರೆಸಿ, ನಲ್ಲಿ ನಿಲ್ಲಿಸಿ, ಏನೂ ಆಗದವನಂತೆ ಹೊರಗೆ ಬರುತ್ತಾನೆ. ಹೆಂಡತಿ ರಾದ್ಮಿಲಾ ಅಂಗಡಿಗೆ ಹೋದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಒಬ್ಬನೇ ಕೂತು ಅದನ್ನು ನೋಡಿದ ತಿಹೋಮಿರ್, ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದ. ಕನ್ನಡಕ, ಟೈ, ಕೊಕ್ಕರೆ ಕಾಲು ಯಾರು ಬೇಕಾದರೂ ನೋಡಿರಬಹುದು. ಇದನ್ನು ಯಾರೂ ನೋಡಿರಲಿಲ್ಲ. ನಾಲ್ಕು ವರ್ಷಗಳಿಂದ, ಹಾಸ್ಯ ಸಿನಿಮಾ ನೋಡಲು ಹೋಗುವ ಬೆಳಗುಗಳಲ್ಲಿ ಮಾತ್ರ, ಈ ಮನೆಯ ಬಚ್ಚಲಲ್ಲಿ, ನಲ್ಲಿಯ ಸದ್ದಿನ ಮರೆಯಲ್ಲಿ ನಡೆದ ಸಂಗತಿ ಅದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ತನಗೆ ಕೇಳಿಸದ್ದು ಲೋಕಕ್ಕೂ ಕೇಳಿಸದೆಂದು ನಂಬಿದ್ದ. ಬಾಗಿಲಿನ ಇನ್ನೊಂದು ಕಡೆಗೆ ಇದ್ದವಳು ಒಬ್ಬಳೇ.

ನಗು ಯಾವಾಗ ನಿಂತಿತೋ ಅವನಿಗೆ ಗೊತ್ತಿಲ್ಲ. ಹಲ್ಲು ಬಿದ್ದಂತೆ ಒಂದು ದಿನ ನೋಡಿದರೆ ಇರಲಿಲ್ಲ, ಅಷ್ಟೆ. ಪತ್ರಕರ್ತರಿಗೆಂದು ಬೆಳಗ್ಗೆ ಹತ್ತಕ್ಕೆ ಇಡುವ ಪ್ರದರ್ಶನದಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾಗ ಪಕ್ಕದವನೊಬ್ಬ ಕತ್ತಲಲ್ಲಿ ತನ್ನನ್ನೇ ನೋಡುತ್ತಿರುವುದು ತಿಳಿದು ಬೆವರಿದ್ದ. ಆಮೇಲೊಂದು ದಿನ ನಗಬೇಕೆಂದು ಪ್ರಯತ್ನಪಟ್ಟು ನಕ್ಕರೆ ಅದು ತಪ್ಪು ಜಾಗದಲ್ಲಿ ಬಂತು, ಪರದೆಯ ಮೇಲೆ ಯಾರೋ ಸಾಯುತ್ತಿದ್ದರು, ಮೂರು ಸಾಲಿನ ಜನ ತಿರುಗಿ ನೋಡಿದರು. ಹಾಸ್ಯದ ಬಗ್ಗೆ ಬರೆದು ಅನ್ನ ತಿನ್ನುವವನಿಗೆ ನಗು ಬಾರದೆಂದು ಹೊರಗೆ ಗೊತ್ತಾದರೆ ಮುಗಿಯಿತು, ಕಿವುಡ ಸಂಗೀತ ಹೇಳಿಕೊಟ್ಟ ಹಾಗೆ. ಅಭ್ಯಾಸ ಶುರುವಾದದ್ದು ಹಾಗೆ. ಕನ್ನಡಿಯ ಮುಂದೆ ನಿಂತಾಗೆಲ್ಲ ಮೂರನೇ ತರಗತಿಯ ಕಿಟಕಿ ಕಾಣುತ್ತಿತ್ತು, ಕೆಂಪು ಟೈ ಕಟ್ಟಿಕೊಂಡ ಮಕ್ಕಳು, ಯುದ್ಧದಲ್ಲಿ ಸತ್ತ ವೀರನ ಪದ್ಯ ಓದುತ್ತಿದ್ದ ದಪ್ಪ ಹುಡುಗಿಗೆ ನಡುವೆ ಬಿಕ್ಕಳಿಕೆ ಬಂದದ್ದು, ಎಂಟು ವರ್ಷದ ತಿಹೋಮಿರ್ ಗೊಳ್ಳೆಂದು ನಕ್ಕದ್ದು. ಟೀಚರ್ ಹೊಡೆಯಲಿಲ್ಲ. ಮುಂದಕ್ಕೆ ಕರೆದು ಹಲಗೆಯ ಪಕ್ಕ ನಿಲ್ಲಿಸಿ, “ನಗು. ಗಂಟೆ ಹೊಡಿಯೋವರ್ಗೂ ನಗು. ನಿಲ್ಲಿಸಬಾರ್ದು” ಎಂದರು. ಅವನು ನಕ್ಕ. ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮೊದಲು ಮಕ್ಕಳೂ ಜೊತೆಗೆ ನಕ್ಕರು, ಆಮೇಲೆ ಸುಮ್ಮನಾದರು, ಕೊನೆಗೆ ಆ ದಪ್ಪ ಹುಡುಗಿ ಹೆದರಿ ಅಳತೊಡಗಿದಳು.

ಹಬ್ಬದ ಬೆಳಗ್ಗೆ ಅಡುಗೆಮನೆಯಲ್ಲಿ ರಾದ್ಮಿಲಾ ಪಾತ್ರೆಯ ಮುಚ್ಚಳ ತೆಗೆದು, ಹುಳಿ ಎಲೆಕೋಸಿನಲ್ಲಿ ಮಾಂಸ ಸುತ್ತಿದ ಸಾರ್ಮಾ ಒಂದನ್ನು ಫೋರ್ಕಿನಲ್ಲಿ ಎತ್ತಿ ಅಣ್ಣನಿಗೆ ಕೊಡುತ್ತಿದ್ದಳು. “ಉಪ್ಪು ನೋಡು.” ಮಿಲೆಂಕೋ ಊದಿ ಊದಿ ತಿಂದು, “ಅಮ್ಮ ಮಾಡ್ದಂಗೇ ಇದೆ ಕಣೇ” ಎಂದ. ತಿಹೋಮಿರ್ ಬಾಗಿಲಲ್ಲಿ ನಿಂತು ನೋಡಿದ. ಉಪ್ಪು ನೋಡಲು ತನ್ನನ್ನು ಯಾಕೆ ಕರೆಯಲಿಲ್ಲ ಎಂದು ಯೋಚಿಸಿದ, ಯಾವಾಗಲಾದರೂ ಕರೆದಿದ್ದಾಳೆಯೇ ಎಂದು ಯೋಚಿಸಿದ, ನೆನಪಾಗಲಿಲ್ಲ. ಎರಡು ದಿನದಿಂದ ನಾಲಗೆಯ ತುದಿಯಲ್ಲಿ ಒಂದೇ ಪ್ರಶ್ನೆ ಇತ್ತು. ಒಬ್ರಾದನಿಗೆ ನೀನು ಹೇಳಿದೆಯಾ? ಎಲ್ಲಿ ಕೂತು ಹೇಳಿದೆ? ಹೇಳುವಾಗ ಇಬ್ಬರೂ ನಕ್ಕಿರಾ? ಕೇಳುವುದು ಹೇಗೆ? ಕೇಳಿದರೆ ಆ ಬಚ್ಚಲಿನವನು ನಾನೇ ಎಂದು ಒಪ್ಪಿಕೊಂಡಂತೆ. ಕೇಳದೆ ಇದ್ದರೆ ಇಪ್ಪತ್ತಮೂರು ವರ್ಷ ಪಕ್ಕದಲ್ಲಿ ಮಲಗಿದವಳು ಕತ್ತಲಲ್ಲಿ ತನ್ನನ್ನು ನೆನೆದು ನಗುತ್ತಿದ್ದಾಳೋ ಏನೋ ಎಂದು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತ ಮಲಗಬೇಕು. ನಿನ್ನೆ ಹಾಗೇ ಮಲಗಿದ್ದ. ಅವಳ ಬೆನ್ನು ಅಲುಗಿದಂತೆ ಎರಡು ಸಲ ಅನ್ನಿಸಿತು.

“ಏನು, ಅಲ್ಲೇ ನಿಂತ್ಬಿಟ್ಟೆ?” ಎಂದಳು ರಾದ್ಮಿಲಾ ತಿರುಗದೆ.

“ಏನಿಲ್ಲ. ಗ್ಲಾಸು.”

“ಗ್ಲಾಸೆಲ್ಲ ಟೇಬಲ್ ಮೇಲಿದೆ, ನೀನೇ ಇಟ್ಟಿದ್ದು.”

ಮಿಲೆಂಕೋಗೆ ಹಣ್ಣಿನ ಸಾರಾಯಿ ರಾಕಿಯಾ ಸುರಿಯಲು ಹೋದರೆ ಅವನು ಗ್ಲಾಸಿನ ಮೇಲೆ ಅಂಗೈ ಮುಚ್ಚಿ, “ಬೇಡ, ಸಂಜೆ ಗಾಡಿ ಓಡಿಸ್ಬೇಕು” ಎಂದ. ಹಬ್ಬದ ದಿನ ಮೂರನೇ ಗ್ಲಾಸಿಗೇ ಹಾಡಲು ಶುರುಮಾಡಿ, ರಾತ್ರಿ ಇಲ್ಲೇ ಸೋಫಾದ ಮೇಲೆ ಬಿದ್ದುಕೊಳ್ಳುವ ಮನುಷ್ಯ ಅವನು. ಇವನಿಗೂ ಗೊತ್ತು, ಅದಕ್ಕೇ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದುಕೊಂಡ ತಿಹೋಮಿರ್.

ಒಂದು ಗಂಟೆಯ ಹೊತ್ತಿಗೆ ಮೇಜಿನ ಸುತ್ತ ಜನ ಸೇರಿದ್ದರು: ಮೇಲಿನ ಮನೆಯ ಗಂಡ ಹೆಂಡತಿ, ಇಬ್ಬರೂ ದಂತವೈದ್ಯರು, ಎದುರುಮನೆಯ ಎಂಬತ್ತರ ಮುದುಕಿ ಲೆಪೋಸಾವಾ, ಕಟ್ಟಡಕ್ಕೆಲ್ಲ ತೆತಾ ಲೆಪಾ, ಅಂದರೆ ಲೆಪಾ ಅತ್ತೆ. ಒಬ್ಬೊಬ್ಬರೂ ಒಳಗೆ ಬರುವಾಗ ಶಿಲುಬೆ ಗುರುತು ಹಾಕಿಕೊಂಡು, ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡು, “ಹಬ್ಬ ಶುಭವಾಗ್ಲಿ ಯಜಮಾನ್ರೆ” ಎಂದು ಮೂರು ಸಲ ಕೆನ್ನೆಗೆ ಮುತ್ತಿಟ್ಟರು. ಆ ಮೂರು ಮುತ್ತಿನ ನಡುವೆ ಪ್ರತಿಯೊಬ್ಬರೂ ತನ್ನ ಕನ್ನಡಕವನ್ನೇ ನೋಡಿದರೆಂದು ತಿಹೋಮಿರನಿಗೆ ಖಾತ್ರಿಯಾಗಿತ್ತು. ಇವತ್ತು ಕನ್ನಡಕಕ್ಕೆ ಕೈ ಹಚ್ಚುವುದಿಲ್ಲ, ಹಚ್ಚಿದರೆ ಕೇಳು, ಎಂದು ಬೆಳಗ್ಗೆಯೇ ಶಪಥ ಮಾಡಿದ್ದ. ಎರಡೂ ಕಾಲು ನೆಲಕ್ಕೂರಿ, ಸಿಪಾಯಿಯಂತೆ ನಿಂತು ಬಡಿಸಿದ. ಆದರೆ ಸೂಪು ಬಂತಲ್ಲ! ದೊಡ್ಡ ಬೋಗುಣಿಯ ಮುಚ್ಚಳ ತೆಗೆದದ್ದೇ ತಡ, ಹಬೆ ಎದ್ದು ಎರಡೂ ಗಾಜಿಗೆ ಕವಿಯಿತು. ಲೋಕವೆಲ್ಲ ಬೆಳ್ಳಗಾಯಿತು. ಒರೆಸುವಂತಿಲ್ಲ. ಕುರುಡನಂತೆ ಸೌಟು ಮುಳುಗಿಸಿ ಅಂದಾಜಿನ ಮೇಲೆ ಸುರಿದ. ಮೊದಲನೆಯದು ತಟ್ಟೆಗೆ ಬಿತ್ತು, ಎರಡನೆಯದು ದಂತವೈದ್ಯನ ತೊಡೆಗೆ.

“ಅಯ್ಯಯ್ಯೋ!”

“ಒರೆಸ್ಕೊಳ್ಳೋ ಮಗಾ,” ಎಂದಳು ತೆತಾ ಲೆಪಾ. “ಸುಮ್ನೆ ಒರೆಸ್ಕೋ. ನಾವೇನು ನೋಡ್ದೇ ಇರೋರಾ?”

ಯಾರೋ ಕರವಸ್ತ್ರದೊಳಗೆ ಕೆಮ್ಮಿದರು. ಅದು ಕೆಮ್ಮಲ್ಲ. ಮಂಜುಗಟ್ಟಿದ ಗಾಜಿನ ಹಿಂದೆ ನಿಂತು ತಿಹೋಮಿರ್ ಎಲ್ಲವನ್ನೂ ಕಿವಿಯಿಂದಲೇ ನೋಡಿದ: ಇದು ದಂತವೈದ್ಯೆ, ಇದು ಅವಳ ಗಂಡ ಅವಳನ್ನು ಮೊಣಕೈಯಿಂದ ತಿವಿದದ್ದು, ಇದು ಮಿಲೆಂಕೋ ಕುರ್ಚಿ ಸರಿಸಿದ್ದು. ರಾದ್ಮಿಲಾ ಎಲ್ಲಿ? ರಾದ್ಮಿಲಾಳ ಸದ್ದೇ ಇಲ್ಲ. ನಗುತ್ತಿದ್ದಾಳೆ, ಸದ್ದಿಲ್ಲದೆ ನಗುತ್ತಿದ್ದಾಳೆ. ಗಾಜು ಮೆಲ್ಲಗೆ ತಿಳಿಯಾದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ಬ್ರೆಡ್ಡಿನ ತಟ್ಟೆ ಹಿಡಿದು, ಅವನನ್ನಲ್ಲ, ಕಿಟಕಿಯಾಚೆಗೆ ನೋಡುತ್ತಿದ್ದಳು. ಆಗ ಗಂಟೆ ಹೊಡೆಯಿತು, ಎರಡು ಚಿಕ್ಕದು ಒಂದು ಉದ್ದ. ಇಪ್ಪತ್ತಮೂರು ವರ್ಷದಿಂದ ಹಾಗೆ ಹೊಡೆಯುವವನು ಒಬ್ಬನೇ.

“ಏನ್ ಕುಮೆ, ಬಾಗ್ಲಲ್ಲೇ ನಿಲ್ಲಿಸ್ತೀಯಾ, ಗೋಧಿ ಕೊಡ್ತೀಯಾ?” ಒಬ್ರಾದ್ ಏದುಸಿರು ಬಿಡುತ್ತಿದ್ದ. “ನಾಲ್ಕು ಮಹಡಿ ಹತ್ತಿದೀನಿ. ನಿಮ್ಮ ಲಿಫ್ಟು ನಿಜವಾಗ್ಲೂ ಕೆಟ್ಟಿದೆಯಲ್ಲಯ್ಯಾ!” ದಪ್ಪ ಕೈಗಳು ತಿಹೋಮಿರನ ತಲೆಯನ್ನು ಹಿಡಿದು ಮೂರು ಸಲ ಮುತ್ತಿಟ್ಟವು, ರಾಕಿಯಾ ಮತ್ತು ಮುಖಕ್ಕೆ ಹಚ್ಚುವ ಬಣ್ಣದ ವಾಸನೆ ಬಂತು. ಕಣ್ಣಿಗೆ ಕಣ್ಣು ಕೊಟ್ಟನೋ ಇಲ್ಲವೋ ತಿಳಿಯಲಿಲ್ಲ. ಕುಮ್‌ಗೆಂದು ಖಾಲಿ ಬಿಟ್ಟಿದ್ದ ಮೇಜಿನ ತಲೆಯ ಕುರ್ಚಿಯಲ್ಲಿ ಅವನು ಕೂತದ್ದೇ ಮನೆಗೆ ಜೀವ ಬಂದಂತಾಯಿತು. ಎಲ್ಲರೂ ಒಟ್ಟಿಗೇ ಮಾತಾಡಿದರು. ಇದೇ ತಿಹೋಮಿರನಿಗೆ ಯಾವಾಗಲೂ ಅರ್ಥವಾಗದ ಸಂಗತಿ. ಈ ಮನುಷ್ಯ ಏನೂ ಮಾಡುವುದಿಲ್ಲ, ಬ್ರೆಡ್ಡು ಮುರಿಯುತ್ತಾನೆ, ಜನ ನಗುತ್ತಾರೆ. ಮದುವೆಯ ದಿನ ಇಗರ್ಜಿಯಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದಾಗ ಇವನು ಏನೋ ಪಿಸುಗುಟ್ಟಿದ್ದ, ರಾದ್ಮಿಲಾ ವಧುವಿನ ಕಿರೀಟ ಹೊತ್ತ ತಲೆ ತಗ್ಗಿಸಿ ನಕ್ಕಿದ್ದಳು, ಭುಜ ಅಲುಗಿಸುತ್ತ, ನಿಲ್ಲಿಸಲಾಗದೆ. ಏನು ಹೇಳಿದ ಎಂದು ತಿಹೋಮಿರ್ ಅವತ್ತು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಅವಳು ಈಗ ಒಬ್ರಾದನ ತಟ್ಟೆಗೆ ಸಾರ್ಮಾ ಹಾಕುತ್ತಿ­ದ್ದಾಳೆ, ಒಂದು, ಎರಡು, ಮೂರು.

“ಒಬ್ರಾದ್, ನಿನ್ ಕುಮ್ ಪೇಪರ್ನಲ್ಲಿ ನಿಂಗೆ ಚೆನ್ನಾಗಿ ಉಗ್ದಿದಾನಂತೆ?” ಎಂದಳು ತೆತಾ ಲೆಪಾ. ಈ ಮುದುಕಿಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

ತಿಹೋಮಿರ್ ವೈನಿನ ಜಗ್ಗು ಹಿಡಿದು ಒಬ್ರಾದನ ಬೆನ್ನಹಿಂದೆಯೇ ನಿಂತಿದ್ದ.

“ಉಗೀಲಿ ಬಿಡು ತೆತಾ. ಅವನ ಕೆಲಸ ಅವನು ಮಾಡ್ದ.” ಒಬ್ರಾದ್ ಬಾಯಿ ತುಂಬ ಅಗಿಯುತ್ತ ಹೇಳಿದ. “ನಮ್ಮ ನಿರ್ದೇಶಕ ಹೆದರ್ಕೊಂಡಿದ್ದ. ನಿನ್ನ ಕುಮ್ ಕೋರ್ಟಿಗೆ ಹೋಗ್ತಾನೇನಯ್ಯಾ ಅಂತ ಕೇಳ್ದ. ಯಾಕೆ ಹೋಗ್ತಾನೆ, ಅಂಥ ಮನುಷ್ಯ ಭೂಮಿ ಮೇಲೇ ಇಲ್ಲ ಅಂತ ಅವನೇ ಬರ್ದು ಕೊಟ್ಟಿದಾನಲ್ಲ, ಅಂದೆ!”

ದಂತವೈದ್ಯೆಗೆ ತಡೆಯಲಾಗಲಿಲ್ಲ. ಅವಳ ಬಾಯಿಂದ ಕಿರ್ರನೆ ಒಂದು ಸದ್ದು ಹೊರಟು, ಅವಳ ಗಂಡ, ಆಮೇಲೆ ತೆತಾ ಲೆಪಾ, ಹೀಗೆ ಮೇಜಿನ ಸುತ್ತ ಬೆಂಕಿ ಹತ್ತಿಕೊಂಡಿತು. ಒಬ್ರಾದ್ ಮಾತ್ರ ಹಿಂದಕ್ಕೆ ತಿರುಗಿ, ಕೆಳಗಿನಿಂದ ತಿಹೋಮಿರನ ಮುಖ ನೋಡಿ, “ಕೋಪ ಮಾಡ್ಕೊಂಡ್ಯಾ ಕುಮೆ?” ಎಂದ ಮೆಲ್ಲಗೆ. ಆ ಕಣ್ಣಲ್ಲಿ ತಮಾಷೆ ಇರಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು. ನಗಬೇಕು. ಈಗ ನಕ್ಕರೆ ಎಲ್ಲ ಸರಿಹೋಗುತ್ತದೆ, ಮಧ್ಯಮದ್ದು ಸಾಕು. ಆದರೆ ಇಲ್ಲಿರುವವರೆಲ್ಲ ಮೂರೂ ನಗುಗಳನ್ನು ಮೊನ್ನೆ ಟೀವಿಯಲ್ಲಿ ನೋಡಿದ್ದಾರೆ. ಯಾವುದನ್ನು ನಕ್ಕರೂ ಗುರುತು ಹಿಡಿಯುತ್ತಾರೆ. ತುಟಿ ಅರ್ಧ ತೆರೆದು ಹಾಗೇ ನಿಂತಿತು. ನಗುವ ಬದಲು ಒಬ್ರಾದನ ಗ್ಲಾಸಿಗೆ ಜಗ್ಗು ಬಗ್ಗಿಸಿದ. ಕೆಂಪು ವೈನು ಗ್ಲಾಸಿನ ಅಂಚಿಗೆ ಬಡಿದು ಹಬ್ಬದ ಬಿಳಿ ಅಂಗಿಯ ತೋಳಿನ ಮೇಲೆ ಮೊಣಕೈಯವರೆಗೆ ಹರಿಯಿತು.

“ತೊಳ್ಕೊಂಬರ್ತೀನಿ,” ಎಂದು ಹೇಳಿ ಬಚ್ಚಲಿಗೆ ನಡೆದ. ಬಾಗಿಲು ಮುಂದೆ ಮಾಡಿದ. ನಲ್ಲಿ ತಿರುಗಿಸಿದ. ತೋಳನ್ನು ನೀರಿನಡಿ ಹಿಡಿದ ಮೇಲೆ ಗೊತ್ತಾಯಿತು, ಹೊರಗೆ ಹಜಾರದಲ್ಲಿ ಒಂದು ಫೋರ್ಕು ಸಹ ಸದ್ದು ಮಾಡುತ್ತಿಲ್ಲ.

ನಗು ನಿಂತಿತ್ತು, ಮಾತು ನಿಂತಿತ್ತು. “ಶ್!” ಎಂದದ್ದು ತೆತಾ ಲೆಪಾ ಇರಬೇಕು. ನೀರಿನ ಸದ್ದು ಅವರಿಗೆ ಕೇಳಿಸಿದೆ. ಬಾಯಲ್ಲಿದ್ದ ತುತ್ತನ್ನು ಅಗಿಯದೆ, ಕುರ್ಚಿಯ ತುದಿಗೆ ಸರಿದು, ಎಲ್ಲರೂ ಬಚ್ಚಲಿನ ಬಾಗಿಲಿಗೆ ಕಿವಿಕೊಟ್ಟಿದ್ದಾರೆ. ಮೊದಲು ಸಣ್ಣದು ಬರಬೇಕು, ಆಮೇಲೆ ಮಧ್ಯಮದ್ದು. ನಲ್ಲಿ ಈಗಲೇ ನಿಲ್ಲಿಸಿದರೆ ಸಿಕ್ಕಿಬಿದ್ದವನು ನಿಲ್ಲಿಸಿದಂತೆ. ಬಿಟ್ಟರೆ ಇನ್ನೂ ಕಾಯುತ್ತಾರೆ. ಹೊರಗೆ ಹೋಗುವುದು ಹೇಗೆ? ಎಷ್ಟು ಹೊತ್ತಾದ ಮೇಲೆ ಹೋಗಬೇಕು? ಎಂಟು ವರ್ಷದವನಾಗಿದ್ದಾಗ ಕನಿಷ್ಠ ಗಂಟೆ ಹೊಡೆಯುತ್ತದೆಂಬ ಧೈರ್ಯವಿತ್ತು. ಕನ್ನಡಿಯಲ್ಲಿ ಒಂದು ಮುಖ ಬಾಯಿ ತೆರೆದು ನಿಂತಿತ್ತು, ಅದು ತನ್ನದೋ ಒಬ್ರಾದನದೋ ಅವನಿಗೆ ಒಂದು ಕ್ಷಣ ನಿಜವಾಗಿಯೂ ತಿಳಿಯಲಿಲ್ಲ. ಬಾಗಿಲು ತೆರೆಯಿತು. ಅವನು ಕಿರುಚಿಕೊಳ್ಳುವುದರಲ್ಲಿದ್ದ. ರಾದ್ಮಿಲಾ ಒಳಗೆ ಬಂದು ಬಾಗಿಲು ಮುಚ್ಚಿದಳು, ಕೈಯಲ್ಲಿ ಉಪ್ಪಿನ ಡಬ್ಬಿಯಿತ್ತು.

“ಕೈ ಕೊಡು. ಒಣಗಿದ್ರೆ ಕಲೆ ಹೋಗಲ್ಲ.”

ಅವಳು ತೋಳಿನ ಬಟ್ಟೆಗೆ ಉಪ್ಪು ಹಾಕಿ ಉಜ್ಜತೊಡಗಿದಳು. ನೀರು ಸುರಿಯುತ್ತಲೇ ಇತ್ತು. ಆ ಸದ್ದಿನಡಿಯಲ್ಲಿ ಎರಡು ದಿನದ ಪ್ರಶ್ನೆ ಬಾಯಿಂದ ಬಿದ್ದುಹೋಯಿತು.

“ನೀನೇನಾ ಅವನಿಗೆ ಹೇಳಿದ್ದು?”

“ಹೂಂ. ನಾನೇ.”

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ತಿಹೋಮಿರ್ ಇನ್ನೊಂದು ಕೈಯಲ್ಲಿ ಬೇಸಿನ್ನಿನ ಅಂಚು ಹಿಡಿದುಕೊಂಡ.

“ಇಬ್ರೂ ನಕ್ರಾ?”

“ನಗೋದಾ?” ಈಗ ಅವಳು ತಲೆಯೆತ್ತಿದಳು. “ನಾನು ಅತ್ತೆ, ತಿಹೋ. ಅವನ ಮುಂದೆ ಕೂತು ಅತ್ತೆ. ಇಲ್ಲಿ ನೀರು ಬಿಟ್ಕೊಂಡು ಏನೋ ಸದ್ದು ಮಾಡ್ತಿದ್ಯಲ್ಲ, ನೀನು ಅಳ್ತಿದೀಯ ಅಂದ್ಕೊಂಡಿದ್ದೆ ಮೊದ್ಲು. ಒಂದು ದಿನ ಬಾಗ್ಲಿಗೆ ಕಿವಿಯಿಟ್ಟೆ. ನಗ್ತಿದ್ದೆ! ನನ್ನ ಕೈಕಾಲೇ ಬಿದ್ದೋದವು. ಅತ್ತಿದ್ರೆ ಒಳಗೆ ಬಂದು ಹಿಡ್ಕೋಬಹುದಿತ್ತು. ನಗೋನನ್ನ ಏನಂತ ಹಿಡ್ಕೊಳ್ಳೋದು? ನನ್ನೆದುರಿಗೆ ಒಂದು ದಿನ ನಗ್ಲಿಲ್ಲ ನೀನು, ಇಲ್ಲಿ ಬಂದು ಒಬ್ನೇ ನಗ್ತಿದ್ದೆ. ನನ್ನ ನೆನೆಸ್ಕೊಂಡೇ ನಗ್ತಿದಾನೆ ಅಂತ ಅನ್ನಿಸ್ತು. ಇನ್ಯಾರನ್ನ?”

“ಅದು ನಗು ಅಲ್ಲ ರಾದ್ಮಿಲಾ. ಅದು...”

“ಗೊತ್ತು. ಅಭ್ಯಾಸ ಅಂತ ಒಬ್ರಾದ್ ಹೇಳ್ದ. ನಟ ಅಲ್ವಾ, ಅವನಿಗೆ ಗೊತ್ತಾಗುತ್ತೆ. ಅದನ್ನ ಟೀವೀಲಿ ಹಾಕ್ತಾನೆ ಅಂತ ಮಾತ್ರ ಹೇಳ್ಲಿಲ್ಲ, ಅವನ ಬಾಯಿಗೆ ಮಣ್ಣು ಹಾಕ.” ತೋಳು ತಿರುಗಿಸಿ ಇನ್ನೊಂದು ಕಡೆ ಉಪ್ಪು ಹಾಕಿದಳು. “ಮೊದಲ್ನೇ ಕಂತು ನೋಡ್ದಾಗ ನಂಗೊಂದು ಆಸೆ ಇತ್ತು. ಇವನೂ ನೋಡ್ತಾನೆ, ತನ್ನನ್ನೇ ನೋಡಿ ನಗ್ತಾನೆ, ಇಲ್ಲ ಕೂಗಾಡ್ತಾನೆ, ಏನೋ ಒಂದು ಬಾಯ್ಬಿಡ್ತಾನೆ ಅಂತ. ಮಂಗಳವಾರ ಪೇಪರ್ ಬಂತು. ಅಂಥ ಮನುಷ್ಯಾನೇ ಇಲ್ಲ ಅಂತ ಬರ್ದಿದ್ದೆ. ಹಂಗಾದ್ರೆ ಇಪ್ಪತ್ಮೂರು ವರ್ಷ ನಾನು ಯಾರ ಜೊತೆ ಇದ್ದೆ? ಸೂಪು ಬಾಯಲ್ಲಿಟ್ಕೊಂಡು ಮೇಲೆ ನೋಡೋನ ಮುಂದೆ, ಏನಂತಾನೋ ಏನಂತಾನೋ ಅಂತ ಏಪ್ರನ್ ಹಿಂಡ್ಕೊಂಡು ನಿಂತಿರ್ತಿದ್ದೋಳು ಯಾರು? ನಾನೂ ಇಲ್ವಾ ಭೂಮಿ ಮೇಲೆ?”

ಹೊರಗಿನವರು ಇನ್ನೂ ನಗುವಿಗೆ ಕಾಯುತ್ತಿದ್ದರು. ಅವಳು ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದಳು.

“ಮಿಲೆಂಕೋ ಜೊತೆ ಹೊರಡ್ತಿದೀನಿ. ಸಂಜೆ, ಜನ ಎಲ್ಲ ಹೋದ್ಮೇಲೆ. ಬಟ್ಟೆ ಆಗ್ಲೇ ಕಾರಲ್ಲಿದೆ. ಹಬ್ಬ ಮುಗೀಲಿ ಅಂತ ಕಾದೆ.”

“ಎಷ್ಟು ದಿನಕ್ಕೆ?”

“ಗೊತ್ತಿಲ್ಲ.”

ಎರಡು ದಿನದಿಂದ ಅವನು ಹೆದರಿದ್ದೆಲ್ಲ ಎಷ್ಟು ಸಣ್ಣದಾಗಿತ್ತು! ಕನ್ನಡಕ, ಕೊಕ್ಕರೆ ಕಾಲು, ಊರಿನ ನಗು. ಕಳ್ಳ ಮುಂಬಾಗಿಲಿನಿಂದ ಬರುತ್ತಾನೆಂದು ಅವನು ಗಂಟೆ ಹೊಡೆದಾಗಲೆಲ್ಲ ನಡುಗುತ್ತಿದ್ದರೆ, ಹಿಂದಿನಿಂದ ಮನೆಯೇ ಖಾಲಿಯಾಗುತ್ತಿತ್ತು. ಮಾತಾಡಬೇಕು. ಆದರೆ ತಲೆಯೊಳಗೆ, ಅವನು ಕರೆಯದೆಯೇ, ಒಂದು ವಾಕ್ಯ ರೂಪುಗೊಳ್ಳತೊಡಗಿತ್ತು: ‘ಹೆಂಡತಿ ಬಿಟ್ಟುಹೋಗುವುದನ್ನು ಬಚ್ಚಲಲ್ಲಿ ತಿಳಿಸುವ ಈ ದೃಶ್ಯ ನವಿರಾಗಿ ಶುರುವಾದರೂ ಕೊನೆಗೆ ಸ್ವಲ್ಪ ಉದ್ದವಾಯಿತು...’ ತಿಹೋಮಿರನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಹೇಸಿಗೆಗಿಂತ ಭಯವಾಯಿತು. ಒಳಗೆ ಕೂತು ಬರೆಯುತ್ತಿರುವ ಇವನು ಯಾರು? ಇವನು ನಿಲ್ಲುವುದೇ ಇಲ್ಲವೇ? ಅವಳು ಹೋದ ಮೇಲೂ, ಈ ಮನೆಯಲ್ಲಿ ಒಂದೇ ತಟ್ಟೆ ತೊಳೆದಿಡುವ ದಿನವೂ, ಇವನು ಕೂತು ಬೆಳಕು ಸರಿಯಿತ್ತೋ ಇಲ್ಲವೋ ಎಂದು ಬರೆಯುತ್ತಿರುತ್ತಾನೆಯೇ? ರಾದ್ಮಿಲಾ ಬಾಗಿಲ ಕಡೆಗೆ ತಿರುಗುತ್ತಿದ್ದಳು. ಅವನು ಒದ್ದೆ ಕೈಯಿಂದಲೇ ಅವಳ ಮಣಿಕಟ್ಟು ಹಿಡಿದ.

“ಹೋಗ್ಬೇಡ,” ಎಂದ. ಮಾತು ಒಡೆದು, ಯಾರದೋ ದನಿಯಂತೆ ಬಂತು. “ನಂಗೆ ಹೆದ್ರಿಕೆ ಆಗುತ್ತೆ.”

ನೀರಿನ ಸದ್ದಿನ ಹಿಂದಿನಿಂದ ಕೊನೆಗೂ ಗಂಡಸಿನ ಒಡೆದ ದನಿಯೊಂದು ಬಂದದ್ದೇ ಸಾಕಾಯಿತು, ಅದೇ ಅಭ್ಯಾಸದ ನಗುವೆಂದುಕೊಂಡರು. ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕಾದಿದ್ದ ಹಜಾರ ಗೊಳ್ಳೆಂದು ನಕ್ಕಿತು. ದಂತವೈದ್ಯೆ ಕುರ್ಚಿಯ ಕೈ ಬಡಿಯುತ್ತಿದ್ದಳು, ತೆತಾ ಲೆಪಾ “ಅಯ್ಯೋ ದೇವರೇ, ಸಾಕೋ ಮಗಾ” ಎಂದು ಕೂಗುತ್ತಿದ್ದಳು. ರಾದ್ಮಿಲಾ ನಗಲಿಲ್ಲ. ಹಿಡಿದ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ. ಇನ್ನೊಂದು ಕೈ ಚಾಚಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದಳು.

“ಈಗ ಹೇಳು,” ಎಂದಳು.

ಅವನು ಅದೇ ಮಾತನ್ನು ಮತ್ತೆ ಹೇಳಿದ, ಹಜಾರದ ತುದಿಯವರೆಗೂ ಕೇಳಿಸುವಂತೆ. ಈ ಸಲ ಹೊರಗೆ ಯಾರೂ ನಗಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಉತ್ತರವನ್ನು ಮಾತ್ರ ಇನ್ನೂ ಕೊಟ್ಟಿರಲಿಲ್ಲ.